ನೈಟ್ ಡ್ಯೂಟಿ ಮುಗಿಸಿ – ಭಾಗ 11: ಬಾಸೆಲ್‌ನಿಂದ ಹೊರಟ ಎರಡು ದಾರಿ

ಕಳೆದ ವಾರ ಯಾಕೆ ಬರೆಯಲಿಲ್ಲ ಎಂದು ನಾಲ್ಕೈದು ಜನ ಕೇಳಿದ್ದೀರಿ. ಸಾಲಾಗಿ ನಾಲ್ಕು ನೈಟ್ ಇತ್ತು. ಐದನೇ ದಿನ ಬೆಳಿಗ್ಗೆ ಮಲಗಿದವಳು ಎದ್ದದ್ದು ಸಂಜೆಗೆ. ಹತ್ತನೇ ಭಾಗದಲ್ಲಿ ನಾನು ಹಿಮದಲ್ಲಿ ಜಾರಿ ಬಿದ್ದ ಕತೆ ಓದಿ ಬಾವ ತುಂಬಾ ನಗಾಡಿದರಂತೆ. ಈ ಸಲ ನಗು ಕಮ್ಮಿ, ಉದ್ದ ಜಾಸ್ತಿ. ಚಹಾ ಇಟ್ಟುಕೊಂಡು ಓದಿ.

ಇದು ಶುರುವಾದದ್ದು ಅಮ್ಮನ ಫೋನಿನಿಂದ. "ನೀನು ದೇವಾಲಯಕ್ಕೆ ಹೋಗದೆ ಎಷ್ಟು ಆದಿತ್ಯವಾರ ಆಯ್ತು?" ಎಂದು ಕೇಳಿದರು. ಲೆಕ್ಕ ಹಾಕಿದೆ, ಏಳು. ನಾನು ಹೇಳಿದೆ, "ಅಮ್ಮ, ನೀವು ಅಲ್ಲಿ ಆರಾಧನೆಯಲ್ಲಿ ಕೂತಿರುವಾಗ ಇಲ್ಲಿ ಶನಿವಾರ ರಾತ್ರಿ. ನಾನು ಆ ಹೊತ್ತಿಗೆ ಯಾರದ್ದೋ ಹಾಸಿಗೆ ಬದಲಿಸ್ತಾ ಇರ್ತೇನೆ. ಅದೂ ದೇವರ ಕೆಲಸ ಅಲ್ವಾ?"

ಅಮ್ಮ ಒಂದು ನಿಮಿಷ ಸುಮ್ಮನಿದ್ದು, "ಅದಕ್ಕೆ ಸಂಬಳ ಬರ್ತದಲ್ಲ ಮಗಾ" ಅಂದರು.

ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಎರಡು ವಾರ ತಲೆಯಲ್ಲಿ ಕೂತಿತ್ತು.

ಅದೇ ವಾರ ಒಬ್ಬ ಮುದುಕ ಪೇಷಂಟ್ (ವಿವರ ಹೇಳಲಿಕ್ಕಿಲ್ಲ, ಕಾರು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು) ನನ್ನ ಬ್ಯಾಡ್ಜ್ ನೋಡಿ, "ಇದು ಬೈಬಲಿನ ಹೆಸರಲ್ವಾ, ನಿನ್ನ ನಿಜವಾದ ಹೆಸರೇನು?" ಎಂದು ಕೇಳಿದರು. ಇದೇ ನಿಜವಾದ ಹೆಸರು ಎಂದೆ. "ಅಲ್ಲ, ಕ್ರಿಶ್ಚಿಯನ್ ಆಗುವ ಮೊದಲು ಏನಿತ್ತು?" ಅದಕ್ಕೆ ನನ್ನ ಅಜ್ಜನ ಅಪ್ಪನನ್ನು ಕೇಳಬೇಕು ಎಂದು ನಕ್ಕುಬಿಟ್ಟೆ. ಆದರೆ ನೋಡಿ, ಊರಿನಲ್ಲಿಯೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರ್ತದೆ. ಕಾಲೇಜಿನಲ್ಲಿ ಒಬ್ಬಳು ಗೆಳತಿ ನನ್ನ ಹತ್ತಿರ, "ನೀವೆಲ್ಲ ಕೆಲಸಕ್ಕಾಗಿ ಕ್ರಿಶ್ಚಿಯನ್ ಆದದ್ದಂತೆ ಹೌದಾ?" ಎಂದು ಕೇಳಿದ್ದಳು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಅವಳು ಈಗಲೂ ಈ ಪೋಸ್ಟ್‌ಗಳನ್ನು ಓದುತ್ತಾಳೆ. ಮಾರಾಯ್ತಿ, ಇದು ನಿನಗೂ ಸೇರಿಸಿ ಬರೆದದ್ದು.

ಈಗ ಚರಿತ್ರೆಗೆ ಬರ್ತೇನೆ.

ನನ್ನ ಮನೆಯಿಂದ ಆನ್ ಆರ್ಬರ್ ಎಂಬ ಊರಿಗೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ದೊಡ್ಡ ಯೂನಿವರ್ಸಿಟಿ ಇರುವ ಊರು. ಅಲ್ಲಿ ಬೆತ್ಲೆಹೆಮ್ ಎಂಬ ಹಳೆಯ ಕಲ್ಲಿನ ಚರ್ಚ್ ಉಂಟು. ಆ ಸಭೆಯನ್ನು ಶುರು ಮಾಡಿದವರು ಫ್ರೀಡ್ರಿಕ್ ಶ್ಮಿಡ್ ಎಂಬ ತರುಣ ಪಾದ್ರಿ, 1833ರಲ್ಲಿ. ಜರ್ಮನಿಯ ವುರ್ಟೆಂಬರ್ಗಿನಿಂದ ವಲಸೆ ಬಂದ ರೈತರು ಆಗ ಈ ಕಾಡು ಕಡಿದು ಹೊಲ ಮಾಡುತ್ತಿದ್ದರು. ಮಿಷಿಗನ್ ಇನ್ನೂ ರಾಜ್ಯವೇ ಆಗಿರಲಿಲ್ಲ, ಅದು ಆದದ್ದು 1837ರಲ್ಲಿ. ನಮಗೊಬ್ಬ ಪಾದ್ರಿ ಬೇಕು ಎಂದು ಅವರು ಸ್ವಿಟ್ಜರ್ಲೆಂಡಿನ ಒಂದು ಊರಿಗೆ ಕಾಗದ ಬರೆದರು. ಅಲ್ಲಿಂದ ಶ್ಮಿಡ್ ಬಂದರು.

ಆ ಊರು ಬಾಸೆಲ್.

ನಾನು ಇದನ್ನು ಫೋನಿನಲ್ಲಿ ಓದುತ್ತಿದ್ದದ್ದು ಆಸ್ಪತ್ರೆಯ ಬ್ರೇಕ್ ರೂಮಿನಲ್ಲಿ, ರಾತ್ರಿ ಮೂರು ಗಂಟೆಗೆ. ಕೈಯಲ್ಲಿದ್ದ ಸ್ಯಾಂಡ್‌ವಿಚ್ ಹಾಗೇ ಉಳಿಯಿತು. ನಮ್ಮ ಬಾಸೆಲ್ ಮಿಶನ್! 1815ರಲ್ಲಿ ಸ್ಥಾಪನೆಯಾದ ಅದೇ ಸಂಸ್ಥೆ. ಶ್ಮಿಡ್ ಈ ಕಡೆ ಬಂದ ಮರುವರ್ಷ, 1834ರ ಅಕ್ಟೋಬರದಲ್ಲಿ, ಅದೇ ಮನೆಯಲ್ಲಿ ಕಲಿತ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು: ಹೆಬಿಕ್, ಲೇನರ್, ಗ್ರೈನರ್. ಎರಡು ವರ್ಷದ ನಂತರ ಹೆರ್ಮನ್ ಮೋಗ್ಲಿಂಗ್ ಬಂದರು, ಮುಂದೆ 1843ರಲ್ಲಿ 'ಮಂಗಳೂರ ಸಮಾಚಾರ' ತಂದವರು. ಮೋಗ್ಲಿಂಗ್ ಮತ್ತು ಹೆಬಿಕ್ ಇಬ್ಬರೂ ವುರ್ಟೆಂಬರ್ಗಿನವರೇ. ಅಂದರೆ ಒಂದೇ ಸೀಮೆಯ, ಒಂದೇ ಭಕ್ತಿಯಲ್ಲಿ ಬೆಳೆದ ಹುಡುಗರು, ಕೆಲವರು ನಮ್ಮ ಬಲ್ಮಠಕ್ಕೆ, ಕೆಲವರು ಈ ಚಳಿಗೆ. ಶ್ಮಿಡ್ ಅವರ ಬಳಗದವರು ಇಲ್ಲಿಯ ಚಿಪ್ಪೆವಾ ಜನರ ನಡುವೆಯೂ ಕೆಲಸ ಮಾಡಲಿಕ್ಕೆ ಪ್ರಯತ್ನಪಟ್ಟರು. ಆಗಿನವರು ಅವರನ್ನೂ 'ಇಂಡಿಯನ್' ಎಂದೇ ಕರೆಯುತ್ತಿದ್ದರು. ಬಾಸೆಲ್‌ನಲ್ಲಿ ಕೂತು ಕಾಗದ ಓದುವವರಿಗೆ ಎರಡು ಕಡೆಯಿಂದಲೂ ಇಂಡಿಯನ್ನರ ಸುದ್ದಿ!

ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು. ಆನ್ ಆರ್ಬರ್‌ನ ರೈತ ಚರ್ಚಿಗೆ ಬಂದಾಗ ಅವನು ಏನನ್ನೂ ಕಳೆದುಕೊಳ್ಳಲಿಲ್ಲ. ಭಾಷೆ, ಹೆಸರು, ಹೊಲ, ನೆಂಟರು ಎಲ್ಲ ಇದ್ದ ಹಾಗೇ. ಮಂಗಳೂರಿನಲ್ಲಿ ದೀಕ್ಷಾಸ್ನಾನ ಆದ ಮನುಷ್ಯ ಮರುದಿನ ಬೆಳಿಗ್ಗೆ ಎದ್ದರೆ ಅವನಿಗೆ ಮನೆ ಇಲ್ಲ, ಬಾವಿ ಇಲ್ಲ, ಕೆಲಸ ಇಲ್ಲ. ನಮ್ಮ ಕಡೆ ಸಭೆಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು. ಮೂರ್ತೆ ಕೆಲಸ ಅವರ ಅನ್ನ. ಮಿಶನ್‌ನವರಿಗೆ ಕಳ್ಳು ಆಗುವುದಿಲ್ಲ, ಆದ್ದರಿಂದ ಮರ ಹತ್ತುವುದನ್ನು ಬಿಡಬೇಕು. ಗೇಣಿಗೆ ಇದ್ದ ಗದ್ದೆ ಧನಿಯದ್ದು, ಅಲ್ಲಿ ಭೂತಕ್ಕೆ ಸಲ್ಲಿಸಬೇಕಾದದ್ದನ್ನು ಸಲ್ಲಿಸದಿದ್ದರೆ ಗದ್ದೆಯೂ ಹೋಯಿತು. ನಂಬಿಕೆ ಒಂದರಿಂದಲೇ ರಕ್ಷಣೆ ಎಂದು ಪಾದ್ರಿಗಳು ಬೋಧಿಸಿದರು, ಸರಿ. ಆದರೆ ಹಾಗೆ ನಂಬಿ ಬಂದವನಿಗೆ ಮಧ್ಯಾಹ್ನ ಗಂಜಿ ಎಲ್ಲಿಂದ?

ಮಿಶನ್‌ನ ಕಾರ್ಖಾನೆಗಳೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದ. ಬೇಸಾಯ ಮಾಡಿಸಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು, ಬಡಗಿ ಕೆಲಸ ನೋಡಿದರು, ಹೆಚ್ಚಿನವು ಕೈಹತ್ತಲಿಲ್ಲ. 1841ರ ಛಾಪಖಾನೆ ನಿಂತಿತು, ನೇಯ್ಗೆ ನಿಂತಿತು. 1865ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ಜೆಪ್ಪಿನಲ್ಲಿ ಹಂಚು ಸುಡಲಿಕ್ಕೆ ಶುರು ಮಾಡಿದ ಮೇಲೆ ಕರಾವಳಿಯ ಮಾಡುಗಳೇ ಕೆಂಪಾದವು. ನನ್ನ ಅಜ್ಜನ ಅಪ್ಪ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸ ಮಾಡಿದವರು. ಅವರ ಅಪ್ಪ ಮರ ಹತ್ತಿದವರು. ನಮ್ಮ ಮನೆಯ ಇಡೀ ಚರಿತ್ರೆ ಆ ಎರಡು ವಾಕ್ಯದಲ್ಲಿ ಮುಗಿಯಿತು ಅನ್ನಿ.

ಹಾಗಾದರೆ ಗೆಳತಿ ಕೇಳಿದ್ದಕ್ಕೆ ಏನು ಉತ್ತರ? ನನ್ನ ಮಟ್ಟಿಗೆ ಹೇಳುವುದಾದರೆ, ಅವಳ ಪ್ರಶ್ನೆಯಲ್ಲಿ ಕ್ರಮ ತಿರುಗಾಮುರುಗಾ ಆಗಿದೆ. ಇದ್ದ ಕೆಲಸ ಹೋದದ್ದು ಕ್ರಿಶ್ಚಿಯನ್ ಆದದ್ದರಿಂದ. ಕಾರ್ಖಾನೆ ಬಂದದ್ದು ಆಮೇಲೆ, ಮೊದಲ ಸಭೆ ಕೂಡಿ ಎಷ್ಟೋ ವರ್ಷದ ಮೇಲೆ. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಒಮ್ಮೆ ಕಾರ್ಖಾನೆ ನಿಂತ ಮೇಲೆ, ಅದನ್ನು ನೋಡಿಯೇ ಬಂದವರು ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ. ಹಸಿದವನು ಅನ್ನ ಇರುವ ಕಡೆ ಹೋಗುವುದು ಪಾಪವೂ ಅಲ್ಲ. ನನಗೆ ಕಷ್ಟ ಎನಿಸುವುದು ಬೇರೆ ಒಂದು ವಿಷಯ. ಸಭೆಯಲ್ಲಿ ನಿನ್ನ ನಡತೆ ನೋಡುವವರೂ, ಶನಿವಾರ ನಿನಗೆ ಕೂಲಿ ಕೊಡುವವರೂ ಒಂದೇ ಗುಂಪಿನವರಾದರೆ, ನೀನು ಪ್ರಾರ್ಥನೆಗೆ ಬರುವುದು ಯಾರಿಗೆ ಹೆದರಿ? ಅಜ್ಜನ ಅಪ್ಪನಿಗೆ ಈ ಪ್ರಶ್ನೆ ಬಂದಿತ್ತೋ ಏನೋ. ಮನೆಯಲ್ಲಿ ಅಂಥ ಮಾತು ಉಳಿದಿಲ್ಲ.

ಎಲ್ಲರ ದಾರಿಯೂ ಕೆಳಗಿನಿಂದ ಮೇಲಕ್ಕೆ ಅಲ್ಲ. ಆನಂದರಾವ್ ಕೌಂಡಿನ್ಯರ ಕತೆ ಕೇಳಿದ್ದೀರಲ್ಲ? ಸಾರಸ್ವತ ಬ್ರಾಹ್ಮಣರ ಹುಡುಗ, ಮಿಶನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಯಲಿಕ್ಕೆ ಬಂದವರು. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆ. ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ವಾಪಸ್ ಬಂದರು. ಹೆಸರಿಗೆ ಗುರುವಿನ 'ಹೆರ್ಮನ್' ಸೇರಿತು, ಆದರೆ ಆನಂದರಾವ್ ಹೋಗಲಿಲ್ಲ, ಗೋತ್ರದ ಕೌಂಡಿನ್ಯವೂ ಹೋಗಲಿಲ್ಲ. ಕೊಡಗಿನಲ್ಲಿ ಹೊಲೆಯ ಸಮುದಾಯದಿಂದ ಬಂದ ಕ್ರಿಶ್ಚಿಯನ್ನರು ನೆಲೆ ನಿಂತ ಆನಂದಪುರ ಉಂಟಲ್ಲ, ಆ ಹೆಸರು ಇವರದ್ದೇ. ಬ್ರಾಹ್ಮಣನಾಗಿ ಹುಟ್ಟಿದವನ ಹೆಸರಿನ ಊರಿನಲ್ಲಿ ಹೊಲೆಯರಿಗೆ ಭೂಮಿ. ಆ ಕಾಲದಲ್ಲಿ! ಆ ಪೇಷಂಟ್ ಇನ್ನೊಮ್ಮೆ ಕೇಳಿದರೆ ಈ ಕತೆ ಹೇಳುವ ಎಂದಿದ್ದೆ. ಅವರು ಡಿಸ್ಚಾರ್ಜ್ ಆಗಿ ಹೋದರು.

ಈಗ ಡೆಟ್ರಾಯ್ಟ್.

ಬಾಸೆಲ್ ಮತ್ತು ಅದರಂಥ ಮಿಶನ್‌ಗಳಿಂದ ಅಮೆರಿಕಕ್ಕೆ ಬಂದ ಪಾದ್ರಿಗಳು ಸೇರಿ ಇಲ್ಲಿ ಜರ್ಮನ್ ಇವಾಂಜೆಲಿಕಲ್ ಸಿನೋಡ್ ಎಂಬ ಸಭೆಯನ್ನು ಬೆಳೆಸಿದರು. ಅವರ ಒಂದು ಕಾಲೇಜು ಶಿಕಾಗೋ ಪಕ್ಕದ ಎಲ್ಮ್‌ಹರ್ಸ್ಟ್‌ನಲ್ಲಿ, 1871ರದ್ದು. ಶಿಕಾಗೋದಲ್ಲಿದ್ದ ಆರು ವರ್ಷ ನಾನು ವಾರಕ್ಕೊಮ್ಮೆ ಅದರ ಮುಂದೆಯೇ ಇಂಡಿಯನ್ ಅಂಗಡಿಗೆ ಹೋಗುತ್ತಿದ್ದೆ. ಕುಚ್ಚಲಕ್ಕಿ ಬಿಟ್ಟು ಬೇರೆ ಯೋಚನೆ ಇರಲಿಲ್ಲ. ಅಲ್ಲಿ ಕಲಿತ ಒಬ್ಬ ಪಾದ್ರಿ 1915ರಲ್ಲಿ ಡೆಟ್ರಾಯ್ಟ್‌ನ ಒಂದು ಸಣ್ಣ ಜರ್ಮನ್ ಸಭೆಗೆ ಬಂದರು. ಹೆಸರು ರೈನ್‌ಹೋಲ್ಡ್ ನೀಬುರ್. ಮುಂದೆ ದೊಡ್ಡ ದೈವಶಾಸ್ತ್ರಿ ಎಂದು ಜಗತ್ತಿಗೆ ಗೊತ್ತಾದವರು. ಆಗ ಬರೀ ಇಪ್ಪತ್ತಮೂರು ವರ್ಷದ ಹುಡುಗ.

ಅವರು ಬರುವ ಮುಂಚಿನ ವರ್ಷ, 1914ರ ಜನವರಿಯಲ್ಲಿ, ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಎಂದು ಘೋಷಿಸಿದ್ದರು. ಆ ಕಾಲಕ್ಕೆ ಅದು ಸುಮಾರು ದುಪ್ಪಟ್ಟು ಕೂಲಿ. ಆದರೆ ಎಲ್ಲರಿಗೂ ಸಿಗುವುದಿಲ್ಲ. ಕಂಪೆನಿಯಲ್ಲಿ ಒಂದು 'ಸೋಶಿಯಲಾಜಿಕಲ್ ಡಿಪಾರ್ಟ್‌ಮೆಂಟ್' ಇತ್ತು. ಅದರ ಇನ್‌ಸ್ಪೆಕ್ಟರ್‌ಗಳು ಮನೆಮನೆಗೆ ಹೋಗಿ ನೋಡುವರು: ಮನೆ ಚೊಕ್ಕ ಉಂಟಾ, ಕುಡೀತಾನಾ, ದುಡ್ಡು ಉಳಿಸ್ತಾನಾ. ಪಾಸಾದರೆ ಐದು ಡಾಲರ್. ಆ ವಿಭಾಗದ ಮುಖ್ಯಸ್ಥ ಯಾರು ಗೊತ್ತುಂಟಾ? ಸ್ಯಾಮ್ಯುಯೆಲ್ ಮಾರ್ಕ್ವಿಸ್, ಡೆಟ್ರಾಯ್ಟ್‌ನ ಎಪಿಸ್ಕೋಪಲ್ ಕತೀಡ್ರಲ್‌ನ ಡೀನ್. ಚರ್ಚಿನ ದೊಡ್ಡ ಕುರ್ಚಿ ಬಿಟ್ಟು 1915ರಲ್ಲಿ ಫೋರ್ಡ್ ಕಂಪೆನಿ ಸೇರಿದವರು. ಇದು ಕ್ರಿಸ್ತನ ಕೆಲಸವೇ ಎಂದು ನಂಬಿ ಹೋದ ಮನುಷ್ಯ. 1921ರಲ್ಲಿ ಮನಸ್ಸು ಮುರಿದು ಹೊರಗೆ ಬಂದರು.

ವಲಸೆ ಬಂದ ಕೆಲಸಗಾರರಿಗೆ ಇಂಗ್ಲಿಷ್ ಶಾಲೆಯೂ ಇತ್ತು. ಕೋರ್ಸ್ ಮುಗಿಸಿದವರಿಗೆ ಮಾಡುತ್ತಿದ್ದ ಸಮಾರಂಭದ ಬಗ್ಗೆ ಓದಿ ನನಗೆ ಮೈ ಜುಮ್ಮೆಂದಿತು. ವೇದಿಕೆಯ ಮೇಲೆ ಒಂದು ಬೃಹತ್ ಕಡಾಯಿ. ಕೆಲಸಗಾರರು ತಮ್ಮ ತಮ್ಮ ದೇಶದ ಉಡುಪಿನಲ್ಲಿ ಹಡಗಿನಿಂದ ಇಳಿದ ಹಾಗೆ ಬಂದು ಅದರೊಳಗೆ ಇಳಿಯುವುದು. ಮೇಷ್ಟ್ರುಗಳು ಉದ್ದ ಸೌಟಿನಿಂದ ಕಲಕುವುದು. ಆ ಕಡೆಯಿಂದ ಅವರು ಕೋಟು ಹಾಕಿಕೊಂಡು, ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಹೊರಗೆ ಬರುವುದು. ಇದು ಒಂದು ತರಹದ ದೀಕ್ಷಾಸ್ನಾನವೇ ಅಲ್ವಾ? ದೇವರು ಮಾತ್ರ ಇಲ್ಲ.

ನಮ್ಮ ಬಾಸೆಲ್‌ನವರನ್ನು ಫೋರ್ಡ್‌ಗೆ ಹೋಲಿಸಿದ್ದಕ್ಕೆ ದೊಡ್ಡಪ್ಪ ಬೈಯಬಹುದು. ಪೂರ್ತಿ ಹೋಲಿಕೆ ನಾನೂ ಮಾಡುವುದಿಲ್ಲ. ಮಂಗಳೂರಿನಲ್ಲಿ ಕೆಲಸ ಕಳೆದುಕೊಂಡವನಿಗೆ ಕೆಲಸ ಹುಡುಕಿದ್ದು, ಇಲ್ಲಿ ಕೆಲಸಗಾರನಿಗೆ ಮಾಲೀಕನು ತನಗೆ ಬೇಕಾದ ಆಕಾರ ಕೊಟ್ಟದ್ದು. ಆದರೆ ಒಳ್ಳೆಯ ಕೆಲಸ ಮಾಡುವವನ ಕೈಯಲ್ಲೇ ಅನ್ನದ ಬೀಗದಕೈಯೂ ಇರುವುದು, ಅದು ಎರಡೂ ಕಡೆ ಉಂಟು.

ನೀಬುರ್ ಈ ಗಂಟನ್ನೇ ಹಿಡಿದು ಎಳೆದರು. 1926ರಲ್ಲಿ ಫೋರ್ಡ್ ವಾರಕ್ಕೆ ಐದೇ ದಿನ ಕೆಲಸ ಎಂದಾಗ ಜಗತ್ತೆಲ್ಲ ಹೊಗಳಿತು. ನೀಬುರ್ ಶಿಕಾಗೋದ 'ಕ್ರಿಶ್ಚಿಯನ್ ಸೆಂಚುರಿ' ಪತ್ರಿಕೆಯಲ್ಲಿ ಲೆಕ್ಕ ಬಿಚ್ಚಿಟ್ಟರು: ಒಂದು ದಿನ ಕಮ್ಮಿಯಾದರೆ ವಾರದ ಕೂಲಿ ಎಲ್ಲಿಗೆ ಇಳಿಯಿತು? ಮರುವರ್ಷ ಮಾಡೆಲ್ ಟಿ ಕಾರು ನಿಲ್ಲಿಸಿ ಮಾಡೆಲ್ ಎ ತಯಾರಿಗೆ ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚಿದಾಗ ಸಾವಿರಾರು ಜನ ಬೀದಿಗೆ ಬಿದ್ದರು. ಅವರಿಗೆ ಊಟ ಹಾಕಬೇಕಾದದ್ದು ಊರಿನ ಧರ್ಮಸಂಸ್ಥೆಗಳು. ಧಾರಾಳಿ ಎಂಬ ಹೆಸರು ಒಬ್ಬನಿಗೆ, ಖರ್ಚು ಇನ್ನೊಬ್ಬರಿಗೆ. ದಾನ ಎಷ್ಟೇ ಇರಲಿ, ನ್ಯಾಯದ ಜಾಗದಲ್ಲಿ ದಾನವನ್ನು ಕೂರಿಸಬಾರದು ಎಂಬುದು ಅವರ ವಾದ. 1926ರಲ್ಲೇ ಮೇಯರ್ ನೇಮಿಸಿದ ಕರಿಯ-ಬಿಳಿಯರ ಸಮಿತಿಗೂ ಅವರೇ ಅಧ್ಯಕ್ಷರು. ಅದರ ಹಿಂದಿನ ವರ್ಷ ಕರಿಯ ಡಾಕ್ಟರ್ ಒಸಿಯನ್ ಸ್ವೀಟ್ ಬಿಳಿಯರ ಬೀದಿಯಲ್ಲಿ ಮನೆ ತಗೊಂಡದ್ದಕ್ಕೆ ಜನ ಮನೆ ಸುತ್ತುವರಿದು, ಅದು ಕೋರ್ಟಿಗೆ ಹೋಗಿ ದೊಡ್ಡ ಸುದ್ದಿಯಾಗಿತ್ತು. ಆ ಬೀದಿಯಲ್ಲಿ ಕಲ್ಲು ಹೊಡೆದವರೂ ಆದಿತ್ಯವಾರ ಎಲ್ಲಿಯೋ ಹಾಡು ಹೇಳುತ್ತಿದ್ದಿರಬೇಕು.

ಇನ್ನೊಂದು ತಮಾಷೆ. ಮೊದಲ ಮಹಾಯುದ್ಧ ಬಂದಾಗ ನೀಬುರ್ ಅವರ ಸಭೆಗೆ ತಾವು ಜರ್ಮನರಲ್ಲ, ಅಮೆರಿಕನ್ನರು ಎಂದು ತೋರಿಸಿಕೊಳ್ಳುವ ಕಷ್ಟ. ಅವರು ಇಂಗ್ಲಿಷಿಗೆ ತಿರುಗಿದರು. ಅದೇ ವರ್ಷಗಳಲ್ಲಿ ಮಂಗಳೂರಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹಿಡಿದು ಅಹಮದ್‌ನಗರದಲ್ಲಿಟ್ಟರು. ಕಾರ್ಖಾನೆಗಳು ಸರಕಾರದ ಕೈಗೆ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ. ಹಂಚು ಅದೇ, ಮಣ್ಣು ಅದೇ, ಮಾಲೀಕರು ಬೇರೆ. ನನ್ನ ಕಣ್ಣಿಗೆ ನಮ್ಮ ಸಭೆಯ ನಿಜವಾದ ಪರೀಕ್ಷೆ ಅದು. ಕೆಲಸ ಕೊಟ್ಟವರು ಹೋದರು, ಪ್ರಸಂಗ ಹೇಳಿದವರು ಹೋದರು. ಬರೀ ಕೂಲಿಗಾಗಿ ಬಂದವರಾದರೆ ಆಗ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಮನೆಯಲ್ಲಿ ತುಳು ಮಾತಾಡಿ, ದೇವಾಲಯದಲ್ಲಿ ಕನ್ನಡದಲ್ಲಿ ಹಾಡಿ, ತಾವೇ ಸಭೆ ನಡೆಸಿಕೊಂಡರು. ಗೆಳತಿ, ನಿನಗೆ ಕೊಡಬೇಕಾಗಿದ್ದ ಉತ್ತರ ಇದು. ಇಪ್ಪತ್ತು ವರ್ಷ ತಡವಾಯಿತು.

ಯುದ್ಧ ಮುಗಿದ ಮೇಲೆ ಉಡುಪಿಗೆ ಬಂದವರು ಡಾಕ್ಟರ್ ಇವಾ ಲೊಂಬಾರ್ಡ್, ಸ್ವಿಸ್ ಹೆಂಗಸು. 1923ರಲ್ಲಿ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ತೆರೆದರು. ನಮ್ಮ ಮಿಶನ್ ಆಸ್ಪತ್ರೆ. ಇದನ್ನು ಓದುವವರಲ್ಲಿ ಅರ್ಧ ಜನ ಹುಟ್ಟಿದ್ದು ಅಲ್ಲೇ, ಅದರಲ್ಲಿ ನಮ್ಮ ಜಾತಿಯವರು ಎಷ್ಟು, ನಮ್ಮ ಸಭೆಯವರು ಎಷ್ಟು? ಬೆರಳೆಣಿಕೆ. ಹೆರಿಗೆಗೆ ಬಂದವಳ ಹತ್ತಿರ ಯಾರೂ ನಿನ್ನ ನಂಬಿಕೆ ಯಾವುದು ಎಂದು ಕೇಳಿ ಬಾಗಿಲು ತೆಗೆದದ್ದಲ್ಲ.

ಕಂಕನಾಡಿಯ ಗೆಳತಿಯರು "ಎಲ್ಲ ನಿಮ್ಮದೇ ಹೇಳ್ತೀಯಲ್ಲ" ಎನ್ನುವ ಮೊದಲು ಹೇಳಿಬಿಡ್ತೇನೆ: ಫಾದರ್ ಮುಲ್ಲರ್ 1880ರಲ್ಲೇ ಹೋಮಿಯೋಪತಿ ಔಷಧ ಕೊಡಲಿಕ್ಕೆ ಶುರು ಮಾಡಿದ್ದು ನನಗೆ ಗೊತ್ತುಂಟು, ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಿದ್ದೂ ಗೊತ್ತುಂಟು. ಇಲ್ಲಿ ಡೆಟ್ರಾಯ್ಟ್‌ನಲ್ಲಿಯೂ ನಿಮ್ಮವರೊಬ್ಬರು ಇದ್ದರು, ಕಪುಚಿನ್ ಮಠದ ಸೊಲಾನಸ್ ಕೇಸಿ. ಓದಿನಲ್ಲಿ ಹಿಂದೆ ಎಂದು ಅವರಿಗೆ ಗುರುದೀಕ್ಷೆ ಕೊಟ್ಟರೂ ಪಾಪನಿವೇದನೆ ಕೇಳುವ ಅಧಿಕಾರ ಕೊಡಲಿಲ್ಲ. ಬಾಗಿಲು ಕಾಯುವ ಕೆಲಸ ಕೊಟ್ಟರು. ಆ ಬಾಗಿಲಿಗೆ ಊರೇ ಬಂತು. 1929ರಲ್ಲಿ ಆ ಮಠದವರು ಶುರು ಮಾಡಿದ ಸೂಪ್ ಕಿಚನ್ ಇವತ್ತಿಗೂ ನಡೆಯುತ್ತಿದೆ. ಅವರನ್ನು 2017ರಲ್ಲಿ ಇಲ್ಲಿಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಪುನೀತ ಎಂದು ಘೋಷಿಸಿದಾಗ ನನ್ನ ಜೊತೆ ಕೆಲಸ ಮಾಡುವ ಒಬ್ಬಳು ರಜೆ ಹಾಕಿ ಹೋಗಿದ್ದಳು.

ನಂಬಿಕೆಯಾ ಸತ್ಕ್ರಿಯೆಯಾ ಎಂದು ನಾವು ಮತ್ತು ಕಥೋಲಿಕರು ನಾನೂರು ಚಿಲ್ಲರೆ ವರ್ಷ ಜಗಳಾಡಿದೆವು. ಲೂಥರನಿಗೆ ಪೌಲನ ಪತ್ರಗಳೆಂದರೆ ಪ್ರಾಣ, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರವನ್ನು ಒಣಹುಲ್ಲಿಗೆ ಹೋಲಿಸಿದ್ದ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಕೂತು ಒಂದು ಕಾಗದಕ್ಕೆ ಸಹಿ ಹಾಕಿದರು. ಅದರ ತಾತ್ಪರ್ಯ ಸುಮಾರು ಹೀಗೆ: ದೇವರು ನಮ್ಮನ್ನು ಸ್ವೀಕರಿಸುವುದು ಬರೀ ಕೃಪೆಯಿಂದ, ನಮ್ಮ ಯೋಗ್ಯತೆಯಿಂದ ಅಲ್ಲ. ಒಳ್ಳೆಯ ಕೆಲಸ ಆ ಕೃಪೆಯ ಫಲ, ಬೆಲೆ ಅಲ್ಲ. ಮೆಥೊಡಿಸ್ಟರು 2006ರಲ್ಲಿ, ರಿಫಾರ್ಮ್ಡ್‌ನವರು 2017ರಲ್ಲಿ ಸೇರಿಕೊಂಡರು.

ಇದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅಷ್ಟು ಹೇಳಲಿಕ್ಕೆ ಅವರಿಗೆ ನಾನೂರು ವರ್ಷ ಬೇಕಾಯ್ತಾ?" ಎಂದು ಕೇಳಿದರು. ಆಮೇಲೆ ನಿಧಾನವಾಗಿ, "ಸಂಬಳದ ಮಾತು ನಾನು ಬೇಜಾರಾಗಲಿ ಎಂದು ಹೇಳಿದ್ದಲ್ಲ. ನಿನ್ನ ಅಜ್ಜನ ಅಪ್ಪನಿಗೂ ಕಾರ್ಖಾನೆಯಲ್ಲಿ ಸಂಬಳ ಇತ್ತು. ಆದರೂ ಅವರು ಆದಿತ್ಯವಾರ ಹೋಗಿ ಕೂರುತ್ತಿದ್ದರು. ಅಲ್ಲಿ ಅವರನ್ನು ಯಾರೂ ಇವತ್ತು ಎಷ್ಟು ಹಂಚು ಮಾಡಿದೆ ಎಂದು ಕೇಳುತ್ತಿರಲಿಲ್ಲವಲ್ಲ. ನಿನಗೂ ಹಾಗೆ ಒಂದು ಗಂಟೆ ಬೇಡವಾ ಎಂದು" ಅಂದರು.

ನನ್ನ ಕೆಲಸದಲ್ಲಿ ಎಲ್ಲಕ್ಕೂ ಲೆಕ್ಕ. ಎಷ್ಟು ಪೇಷಂಟ್, ಎಷ್ಟು ಗಂಟೆಗೆ ಔಷಧ, ಎಷ್ಟು ನಿಮಿಷ ತಡ. ನಾನು ಏನೂ ಹೇಳಲಿಲ್ಲ.

ಕಳೆದ ಆದಿತ್ಯವಾರ ನೈಟ್ ಇರಲಿಲ್ಲ. ಆನ್ ಆರ್ಬರ್‌ಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ, ಅರ್ಧ ಪ್ರಸಂಗ ನಿದ್ದೆ ತೂಗಿದೆ ಎಂದು ಒಪ್ಪಿಕೊಳ್ತೇನೆ. ಹೊರಗೆ ಬಂದು ಚರ್ಚಿನ ಫೋಟೋ ತೆಗೆದು ಅಮ್ಮನಿಗೆ ಕಳುಹಿಸಿದೆ, ಶ್ಮಿಡ್ ಅವರ ಸಭೆ, ನಮ್ಮ ಬಾಸೆಲ್‌ನವರೇ ಎಂದು ಬರೆದು. ಐದು ನಿಮಿಷದಲ್ಲಿ ಫೋನ್ ಬಂತು.

"ಚಂದ ಉಂಟು. ಮಾಡಿಗೆ ಹಂಚು ಹಾಕಿದ್ದಾರಾ?"

ನೋಡಲಿಲ್ಲ ಅಮ್ಮ ಎಂದೆ.

"ಮುಂದಿನ ಸಲ ಹೋದಾಗ ನೋಡು" ಅಂದರು.